ಗ್ಲೂಕೋಸಿನ ಕೆಳಗೆ ಎರಡು ಗೀಟು

ಶಹಾಪುರ, ಬೆಳಗಾವಿ
೯ ಫೆಬ್ರುವರಿ ೧೯೮೬, ರವಿವಾರ

ಕಾಂತಾಗೆ ಶರಣು.

“ನೀ ಹೇಳದ ಮಾತೂ ನನಗೆ ಕೇಳುತ್ತದೆ, ಗೆಳತಿ” ಎಂದು ನೀನು ನನ್ನ ಪುಸ್ತಕದಲ್ಲಿ ಬರೆದುಕೊಟ್ಟಿದ್ದೆ. ಎಂ.ಎಸ್ಸಿ. ಮುಗಿಸಿ ಧಾರವಾಡದ ಹಾಸ್ಟೆಲ್ ಬಿಡುವ ದಿನ, ನೇರಳೆ ಮಸಿಯಲ್ಲಿ. ನಿನ್ನದೇ ಸಾಲು. ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದು “ಆದರೂ” ಎಂದು ಶುರುವಾಗುತ್ತಿತ್ತು ಎಂಬುದಷ್ಟೇ ನೆನಪಿದೆ, ಮುಂದಿನದು ಮರೆತಿದೆ. ನಿನ್ನೆ ಟ್ರಂಕು ಬರಿದುಮಾಡಿ ಹುಡುಕಿದೆ, ಪುಸ್ತಕ ಸಿಗಲಿಲ್ಲ. ಇಪ್ಪತ್ತಾರು ವರ್ಷ ನಾನು ಆ ಒಂದು ಸಾಲನ್ನು ನಂಬಿಕೊಂಡು ಬಂದವಳು. ನಿನಗೆ ಅದು ಖರೇ ಅನ್ನಿಸಿತ್ತೇ, ಅಥವಾ ಬರೆಯಲು ಚೆನ್ನಾಗಿದೆ ಎಂದು ಬರೆದೆಯೋ? ಹೇಳದ ಮಾತು ಹಾಗಿರಲಿ. ನಾನು ಬಾಯಿಬಿಟ್ಟು ಹೇಳಿದ್ದಾದರೂ ನಿನಗೆ ಕೇಳಿತೇ?

ನನ್ನ ಕೆಲಸದ ಬಗ್ಗೆ ನೀನು ಬರೆದ ವರದಿಯನ್ನು ನನ್ನ ಕೈಗೆ ಕೊಡಲಿಲ್ಲ, ಓದಿ ಹೇಳಿದರು. ಜನವರಿ ಆರರಂದು ನಮ್ಮ ಪ್ರಿನ್ಸಿಪಾಲ್ ಚನ್ನಬಸಯ್ಯನವರು ಕರೆಸಿ ಎದುರು ನಿಲ್ಲಿಸಿಕೊಂಡು ಓದಿದರು. “ನೋಟ್‌ಬುಕ್ಕಿನಲ್ಲಿ ಬರೆದ ದ್ರಾವಣದಿಂದ ಈ ಅಂಕಿಗಳು ಬರುವುದು ಸಾಧ್ಯವಿಲ್ಲ. ಕೆಲಸ ಮುಂದುವರಿಸಲು ನಾನು ಶಿಫಾರಸು ಮಾಡಲಾರೆ.” ಇಷ್ಟೇ. ಎರಡು ವಾಕ್ಯ. ಮೊದಲು ಇಂಗ್ಲಿಷಿನಲ್ಲಿ ಓದಿದರು, ಆಮೇಲೆ ನನಗೆ ಇಂಗ್ಲಿಷ್ ತಿಳಿಯಲಿಕ್ಕಿಲ್ಲ ಎಂಬಂತೆ ಕನ್ನಡದಲ್ಲಿ ಹೇಳಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ವಾಚ್ ನಡಸಾಕ ಖಡೇಬಜಾರದಾಗ ಗುಂಡಿಯಷ್ಟು ಸೆಲ್ ಸಿಗತಾವಲ್ರೀ ಬಾಯಾರ, ಇದೆಲ್ಲಾ ಯಾಕ ಬೇಕಾಗಿತ್ತು?” ಎಂದರು. ಬಾಗಿಲ ಬಳಿ ನಿಂತಿದ್ದ ಗುಮಾಸ್ತ ನಕ್ಕ. ಸಂಜೆಯ ಹೊತ್ತಿಗೆ ಸ್ಟಾಫ್‌ರೂಮಿನಲ್ಲಿ ಮಾತು ಹಬ್ಬಿತ್ತು. ಕವಿತೆ ಓದುವ ಬಾಯಿಗೆ ಅಂಕಿ ಕಟ್ಟುವುದೇನು ಕಷ್ಟ ಎಂದು ಗಣಿತದವರು ಅಂದರಂತೆ. ಅಂದವರ ಹೆಸರು ಹೇಳಲು ನನಗೆ ನಾಲ್ಕು ಜನ ಮುಂದೆ ಬಂದರು. ಹಾಗೆ ಅನ್ನಬಾರದಿತ್ತು ಎಂದು ಹೇಳಲು ಒಬ್ಬರೂ ಬರಲಿಲ್ಲ.

ನಾಳೆ ಸೋಮವಾರ ಆಡಳಿತ ಮಂಡಳಿ ಕೂಡುತ್ತದೆ. ನಾನು ಬರವಣಿಗೆಯಲ್ಲಿ ಸಮಜಾಯಿಷಿ ಕೊಡಬೇಕು. ಅದು ಅವರಿಗೆ ಒಪ್ಪಿಗೆಯಾಗದಿದ್ದರೆ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಹಿಂದಿರುವ ನನ್ನ ಆ ಸಣ್ಣ ಕೋಣೆಗೆ ಬೀಗ ಬೀಳುತ್ತದೆ, ಆರು ವರ್ಷದ ಕೆಲಸ ನಿಲ್ಲುತ್ತದೆ, ನನ್ನ ಒಂದೇ ಒಂದು ಲೇಖನವನ್ನು ಸುಳ್ಳೆಂದು ನಾನೇ ಸಹಿ ಮಾಡಿ ಹಿಂದೆ ತೆಗೆದುಕೊಳ್ಳಬೇಕು. ಇದನ್ನೆಲ್ಲ ಮಾಡಿದ್ದು ನೀನು. ಪರಕೀಯರು ಮಾಡಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನನ್ನ ಕೆಲಸ ಪರೀಕ್ಷಿಸಲು ಪುಣೆಯಿಂದ ನಿನ್ನನ್ನೇ ಕಳಿಸುತ್ತಾರೆ ಎಂದು ತಿಳಿದಾಗ ನಾನು ಎಷ್ಟು ಹಿಗ್ಗಿದೆ ಗೊತ್ತೇ? ಹೊಸ ಚಾದರ ಹೊಲಿಸಿದೆ. ನಿನಗೆ ಸೇರುವ ಪುಂಡಿಪಲ್ಯಕ್ಕಾಗಿ ರವಿವಾರ ಪೇಟೆಯೆಲ್ಲ ತಿರುಗಿದೆ. ನವೆಂಬರಿನಲ್ಲಿ ಎರಡು ದಿನ ನೀನು ನನ್ನ ಮನೆಯಲ್ಲಿ ಉಂಡೆ, ನನ್ನ ಬಾಜೂಕೇ ಹಾಸಿಕೊಂಡು ಮಲಗಿದೆ, ಖಾನಾಪುರದ ಸ್ಟೇಷನ್ನಿನ ಹತ್ತಿರದ ನಿಮ್ಮ ಹಳೆಯ ಮನೆ, ನಿಮ್ಮಪ್ಪನ ಹೆಂಚಿನ ಅಂಗಡಿ, ಮರಾಠಿಯಲ್ಲಿ ಬಯ್ದು ಕನ್ನಡದಲ್ಲಿ ಮುದ್ದಿಸುತ್ತಿದ್ದ ನಿಮ್ಮ ಅಜ್ಜಿ, ಎಲ್ಲ ನೆನೆದು ನಕ್ಕೆ. ಪುಣೆಗೆ ಮರಳಿ ಆ ಎರಡು ವಾಕ್ಯ ಬರೆದೆ. ನನ್ನ ಮನೆಯಲ್ಲಿ ಕೂತು ಒಂದು ಪ್ರಶ್ನೆ ಕೇಳಬಹುದಿತ್ತು, ಕಾಂತಾ. ಒಂದೇ ಒಂದು.

ನಾನು ಚನ್ನಬಸಯ್ಯನವರಿಗೆ ವಿವರಿಸಿದಂತೆಯೇ ನಿನಗೂ ವಿವರಿಸುತ್ತೇನೆ. ನೀನು ಈ ವಿದ್ಯೆಯಲ್ಲಿ ಹೆಸರು ಮಾಡಿದವಳು, ಬಲ್ಲೆ. ಆದರೆ ಅವರಷ್ಟೇ ಸಲೀಸಾಗಿ ತೀರ್ಪು ಕೊಟ್ಟ ಮೇಲೆ ಅವರ ಬೆಂಚಿನಲ್ಲೇ ಕೂತು ಕೇಳು. ಟಾರ್ಚಿನ ಸೆಲ್ಲಿನಲ್ಲಿ ಸತುವು ಸವೆದು ವಿದ್ಯುತ್ತು ಬರುತ್ತದೆ. ನನ್ನ ಬಾಟಲಿಯಲ್ಲಿ ಸವೆಯುವುದು ಸಕ್ಕರೆ. ಕಾಲೇಜಿನ ಹಿತ್ತಿಲ ಮಣ್ಣಿನಲ್ಲಿರುವ ಒಂದು ಸೂಕ್ಷ್ಮಾಣುವಿನಿಂದ ಬಿಡಿಸಿ ತೆಗೆದ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತು ಒಂದು ನೀಲಿ ಬಣ್ಣಕ್ಕೆ ಕೊಡುತ್ತದೆ. ಬಣ್ಣ ಅವನ್ನು ಇಂಗಾಲದ ಕಡ್ಡಿಗೆ ಮುಟ್ಟಿಸುತ್ತದೆ. ಕಡ್ಡಿ ಎಂದರೆ ಮುಗಿದ ಟಾರ್ಚ್ ಸೆಲ್ ಒಡೆದು ತೆಗೆದದ್ದು. ಇಷ್ಟನ್ನು ಬೇರೆಯವರೂ ಮಾಡಿದ್ದಾರೆ. ಎಲ್ಲರಿಗೂ ಇರುವ ತೊಂದರೆ ಒಂದೇ, ಕಿಣ್ವ ಬೇಗ ಸಾಯುತ್ತದೆ, ಎರಡನೆಯ ದಿನಕ್ಕೆ ಸೆಲ್ ಮಲಗುತ್ತದೆ. ನಾನು ಆ ಕಿಣ್ವವನ್ನೇ ಬೇರೆ ರೀತಿ ಕಟ್ಟಲು ನೋಡಿದೆ. ಲೋಹ ಹೀರುವ ಉಪ್ಪಿನ ನೀರಿನಲ್ಲಿ ಅದನ್ನು ತೊಳೆದು, ಅದರಲ್ಲಿ ಸಿಕ್ಕಿಕೊಂಡ ಲೋಹದ ಕಣಗಳನ್ನೆಲ್ಲ ತೆಗೆದೆ. ತೊಳೆದಷ್ಟೂ ಒಳ್ಳೆಯದು ಎಂದು ನನ್ನ ನಂಬಿಕೆ. ಆಮೇಲೆ ಚರ್ಮ ಹದ ಮಾಡುವವರು ಬಳಸುವಂಥ ದ್ರವದಿಂದ ಅದನ್ನು ಇಂಗಾಲದ ಕಡ್ಡಿಗೆ ಬಿಗಿದೆ. ಹಾಗೆ ಬಿಗಿದ ಕಿಣ್ವ ಹನ್ನೊಂದು ದಿನ ಬಾಳಿತು. ನಾಲ್ಕು ಬಾಟಲಿ ಸಾಲಾಗಿ ಜೋಡಿಸಿ, ನನ್ನ ಮಾವ ಗೋವಾದಿಂದ ತಂದ ಅಂಕಿ ಮೂಡುವ ಕೈಗಡಿಯಾರದ ಸೆಲ್ ಕಿತ್ತು, ಅದಕ್ಕೆ ತಂತಿ ಕೊಟ್ಟೆ. ಗಡಿಯಾರ ಹನ್ನೊಂದು ದಿನ ನಡೆಯಿತು.

ಕಾಲೇಜು ಐದಕ್ಕೆ ಮುಚ್ಚುತ್ತದೆ, ರವಿವಾರ ತೆರೆಯುವುದೇ ಇಲ್ಲ. ಅದಕ್ಕೇ ಬಾಟಲಿಗಳನ್ನು ನಾನು ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ದಿನಾ ಮುಂಜಾನೆ ಸಕ್ಕರೆಯ ನೀರು ಬದಲಿಸಬೇಕು. ನಾನು ಇಲ್ಲದಾಗ ಆ ಕೆಲಸ ಗೋಡೆಯಾಚೆಯ ಶಿವಬಸವ್ವನದು. ನಮ್ಮ ಮನೆಯ ಕೀಲಿಕೈ ಆಕೆಯ ಸೆರಗಿನ ತುದಿಯಲ್ಲೇ ಇರುತ್ತದೆ. ನೀನು ಬಂದ ಮೊದಲ ದಿನ ನನಗೆ ಪರೀಕ್ಷೆಯ ಕೋಣೆ ಕಾಯುವ ಕೆಲಸ ಬಿದ್ದು ನಿನ್ನನ್ನು ಆಕೆಯ ಸುಪರ್ದಿಗೆ ಬಿಟ್ಟು ಹೋಗಿದ್ದು ನಿನಗೆ ನೆನಪಿರಬಹುದು. ಮರಳಿ ಬಂದಾಗ ಇಬ್ಬರೂ ಕೂಡಿ ಸಂಡಿಗೆ ಹುರಿದು ತಿನ್ನುತ್ತಿದ್ದಿರಿ. ಆ ಸಂಜೆ ಚಹಾ ಕುಡಿಯುತ್ತ ನೀನು ಚೇಷ್ಟೆ ಮಾಡಿದೆ. “ಸಾವಂತ್ರಿ, ನಿಮ್ಮ ಪಾರಿಶ್ವಾಡದ ಬೆಲ್ಲಾ ಇನ್ನೂ ನಾಲಿಗಿ ಕಡೀತದಲ್ಲ. ಚಹಾಕ್ಕ ಬಿಟ್ಟು ಇನ್ಯಾತಕ್ಕರೆ ಬಳಸ್ತೀಯೇನ ಇದನ್ನ?” ಎಂದು ನನ್ನ ಮುಖವನ್ನೇ ನೋಡಿದೆ. ನನಗೆ ಹಾಸ್ಟೆಲ್ಲಿನ ನೆನಪಾಗಿ ಮೈಯುರಿಯಿತು. ಊರಿಂದ ತಂದ ಬೆಲ್ಲದ ಪೆಂಟೆಗಾಗಿ ನೀವೆಲ್ಲ ಎರಡು ವರ್ಷ ನನ್ನನ್ನು ಬೆಲ್ಲದ ಸಾವಂತ್ರಿ ಎಂದು ಕರೆದಿರಿ. ಮೆಸ್ಸಿನಲ್ಲಿ ಬಿಳಿ ಸಕ್ಕರೆ ಹಾಕಿಕೊಳ್ಳುವವರು ನೀವು. ಹೋಳಿಗೆಗೆ ಬಳಸುತ್ತೇನೆ ಎಂದು ಹೇಳಿ ನಾನು ಕಪ್ಪು ತೊಳೆಯಲು ಎದ್ದೆ.

ಸ್ಟೇಷನ್ನಿನಲ್ಲಿಯೂ ನೀನು ಏನೋ ಕೇಳಿದೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ ಎಂದು ಮೇಲೆ ಬರೆದೆನಲ್ಲ, ಅದನ್ನು ಇಷ್ಟು ಮಟ್ಟಿಗೆ ತಿದ್ದುತ್ತೇನೆ. ಗಾಡಿ ಹೊರಡುವ ಮುಂಚೆ ಕಿಟಕಿಯ ಸರಳಿನೊಳಗಿಂದ ನನ್ನ ಕೈ ಹಿಡಿದು, ನನಗೆ ಹೇಳುವುದು ಏನಾದರೂ ಉಳಿದಿದೆಯೇ ಎಂದೆ. ನಾಲ್ಕು ವರ್ಷದ ಹಿಂದೆ ನಮ್ಮವರು ತೀರಿಕೊಂಡಾಗ ನೀನು ಬಂದಿರಲಿಲ್ಲ. ಅದರ ಬಗ್ಗೆ ಕೇಳುತ್ತೀ ಎಂದುಕೊಂಡೆ. ಈಗ ಪ್ಲಾಟ್‌ಫಾರ್ಮಿನಲ್ಲಿ ಅಳಿಸಬೇಕೇ ಇವಳು ಎಂದು ಸಿಟ್ಟು ಬಂತು. ಏನೂ ಇಲ್ಲ, ಮುಟ್ಟಿದ ಮೇಲೆ ಪತ್ರ ಹಾಕು ಎಂದೆ. ನೀನು ಹಾಕಿದ ಪತ್ರ ಪ್ರಿನ್ಸಿಪಾಲರ ಮೇಜಿಗೆ ಬಂತು.

ವರದಿ ಕೇಳಿದ ಮರುದಿನವೇ ನಿನ್ನನ್ನು ಸುಳ್ಳು ಮಾಡಲು ಕೂತೆ. ಮುಂಬಯಿಯಿಂದ ಬಂದ ಗ್ಲೂಕೋಸಿನ ಹೊಸ ಡಬ್ಬಿ ಒಡೆದು, ನೋಟ್‌ಬುಕ್ಕಿನಲ್ಲಿ ಬರೆದಂತೆ ದ್ರಾವಣ ಮಾಡಿ, ಹೊಸ ಕಡ್ಡಿಗಳಿಗೆ ಕಿಣ್ವ ಬಿಗಿದೆ. ಎರಡು ತಾಸಿಗೆ ಗಡಿಯಾರದ ಅಂಕಿ ಮಸುಕಾಗಿ ಹೋಯಿತು. ಮತ್ತೆ ಮಾಡಿದೆ. ಮತ್ತೆ ಎರಡು ತಾಸು. ಮೂರನೆಯ ಸಲ ಎರಡೂ ಆಗಲಿಲ್ಲ. ಆ ಗಾಜಿನ ಮೇಲೆ ಏನೂ ಇಲ್ಲದ್ದನ್ನು ನೋಡುತ್ತ ಕೂತಾಗ, ಹನ್ನೊಂದು ದಿನ ಗಡಿಯಾರ ನಡೆದದ್ದನ್ನು ನಾನೇ ಕಲ್ಪಿಸಿಕೊಂಡೆನೇನೋ ಎಂದು ಒಂದು ಕ್ಷಣ ಅನ್ನಿಸಿತು. ಆ ಒಂದು ಕ್ಷಣಕ್ಕಾಗಿ ನಿನ್ನನ್ನು ಕ್ಷಮಿಸುವುದು ನನ್ನಿಂದ ಆಗಲಿಕ್ಕಿಲ್ಲ.

ಇಲ್ಲಿ ಒಂದು ವಿಷಯ ಬರೆಯಲೇಬೇಕು. ಇಲ್ಲದಿದ್ದರೆ ಮುಂದಿನದು ನಿನಗೆ ಅರ್ಥವಾಗುವುದಿಲ್ಲ.

ಹೋದ ಶ್ರಾವಣದಲ್ಲಿ ಲ್ಯಾಬಿನ ಗ್ಲೂಕೋಸ್ ತೀರಿತ್ತು. ಮುಂಬಯಿಗೆ ಬರೆದಿದ್ದೆ, ಮಳೆಗೆ ದಾರಿ ಕೆಟ್ಟು ಬರಲಿಲ್ಲ. ಕಡ್ಡಿಗಳು ತಯಾರಾಗಿದ್ದವು, ಕಿಣ್ವ ಕಾಯುವುದಿಲ್ಲ. ಮನೆಯಲ್ಲಿ ಪಾರಿಶ್ವಾಡದಿಂದ ನನ್ನ ಗೌರವ್ವಕ್ಕ ಕಳಿಸಿದ ಬೆಲ್ಲವಿತ್ತು. ಚೂರು ಹುಳಿ ಹಾಕಿ ಕುದಿಸಿದರೆ ಬೆಲ್ಲದ ಸಕ್ಕರೆ ಒಡೆದು ಗ್ಲೂಕೋಸ್ ಆಗುತ್ತದೆ ಎಂಬುದು ಬಿ.ಎಸ್ಸಿ. ಹುಡುಗಿಯರಿಗೂ ಗೊತ್ತು. ಕುದಿಸಿದೆ, ಸೋಡಾ ಹಾಕಿ ಹುಳಿ ಮುರಿದೆ, ಇದ್ದಿಲ ಪುಡಿಯಲ್ಲಿ ಸೋಸಿದೆ. ಬಾವಿಯ ನೀರಿನಂತೆ ತಿಳಿಯಾಯಿತು. ಎರಡು ದಿನದ ಮಟ್ಟಿಗೆ ಸಾಕು ಎಂದುಕೊಂಡಿದ್ದೆ. ಹನ್ನೊಂದು ದಿನ ಗಡಿಯಾರ ನಿಲ್ಲಲೇ ಇಲ್ಲ. ಆಮೇಲೆ ಗ್ಲೂಕೋಸ್ ಬಂದರೂ ಡಬ್ಬಿ ಒಡೆಯಲು ಕೈ ಬರಲಿಲ್ಲ. ನಡೆಯುತ್ತಿರುವುದನ್ನು ಯಾಕೆ ಮುಟ್ಟಬೇಕು?

ನೋಟ್‌ಬುಕ್ಕಿನಲ್ಲಿ ನಾನು ಸುಳ್ಳು ಬರೆಯಲಿಲ್ಲ. ಹಾಳೆಯ ನೆತ್ತಿಯಲ್ಲಿ ಮೊದಲ ಸಾಲಿಗೆ ಗ್ಲೂಕೋಸ್ ಎಂದು ಆಷಾಢದಲ್ಲೇ ಬರೆದಾಗಿತ್ತು. ಅದರ ಕೆಳಗೆ ನಾವೆಲ್ಲ ಹಾಕುವಂತೆ, ನೀನೂ ಹಾಕುವಂತೆ, ಮೇಲಿನಂತೆಯೇ ಎಂದು ಸಾಲಿಗೆ ಎರಡೆರಡು ಸಣ್ಣ ಗೀಟು ಹಾಕುತ್ತ ಹೋದೆ. ಅಷ್ಟೇ. ಬಾಟಲಿಯ ಚೀಟಿಯೂ ಹಳೆಯದೇ ಉಳಿಯಿತು. ಬೆಲ್ಲವೆಂದು ಬರೆದಿದ್ದರೆ ಪುಣೆಯಲ್ಲಿ ಅದನ್ನು ಯಾರು ಓದುತ್ತಿದ್ದರು? ಹಳ್ಳಿಯ ಬೆಲ್ಲದಲ್ಲಿ ಗಡಿಯಾರ ನಡೆಸುವ ಬಾಯಿ ಎಂದು ನೀವು ಚಹಾದ ಜೊತೆ ನಗುತ್ತಿದ್ದಿರಿ. ಮೊದಲು ನಗುತ್ತಿದ್ದವಳು ನೀನು. ಹಾಗಾಗಿ ಆ ಗೀಟುಗಳಲ್ಲಿ ನಿನ್ನ ಪಾಲೂ ಇದೆ ಎಂದು ಹೇಳಿದರೆ ಅನ್ಯಾಯವಾಗಲಾರದು.

ಸಂಕ್ರಾಂತಿಗೆ ನಾನು ಪಾರಿಶ್ವಾಡಕ್ಕೆ ಹೋದೆ. ಪೀರನವಾಡಿ ದಾಟುವವರೆಗೂ ನಿನ್ನ ಜೊತೆ ಮನಸ್ಸಿನಲ್ಲಿ ಜಗಳ ಆಡುತ್ತಿದ್ದೆ. ಖಾನಾಪುರದಲ್ಲಿ ಬಸ್ಸು ಬದಲಿಸಬೇಕು. ನಿಮ್ಮ ಮನೆ ಇದ್ದ ಜಾಗದಲ್ಲಿ ಈಗ ಫೋಟೋ ಸ್ಟುಡಿಯೋ ಇದೆ. ಅದರ ಕಡೆ ಬೆನ್ನು ಮಾಡಿ ನಿಂತೆ. ಅಕ್ಕನ ಹೊಲದಲ್ಲಿ ಗಾಣ ನಡೆದಿತ್ತು. ಬೇರೆ ಏನೂ ಮಾಡಲು ತೋಚದೆ ಕೊಪ್ಪರಿಗೆಯ ಹತ್ತಿರ ಹೋಗಿ ಕೂತೆ. ಬೆಲ್ಲ ಕಾಯಿಸುವ ಲಕ್ಷ್ಮಪ್ಪ ನನಗಿಂತ ಹಿರಿಯ, ಮೂವತ್ತು ವರ್ಷದಿಂದ ಅದೇ ಒಲೆಯ ಮುಂದೆ ನಿಂತವನು. ಕುದಿಯುವ ಹಾಲಿಗೆ ಅವನು ಒಂದು ಗಡಿಗೆಯಿಂದ ತೆಂಗಿನ ಚಿಪ್ಪಿನಲ್ಲಿ ಏನೋ ಮೊಗೆದು ಹಾಕಿದ. ಕಬ್ಬಿನ ರಸಕ್ಕೆ ಅವರು ಹಾಲು ಅನ್ನುತ್ತಾರೆ, ನೀನು ಮರೆತಿರಬಹುದು. ಏನದು ಎಂದು ಕೇಳಿದೆ.

“ಸುಣ್ಣದ ತಿಳಿ ರೀ ಅಕ್ಕಾರ. ಇದನ್ನ ಹಾಕಲಿಲ್ಲಂದ್ರ ಬೆಲ್ಲಾ ಕಟ್ಟೂದಿಲ್ಲ, ರಾಡಿ ಆಗಿ ಕುಂದರತೈತಿ. ಇಷ್ಟ ಸಾಲಿ ಕಲತೀರಿ, ಇದ ಗೊತ್ತಿಲ್ಲೇನ್ರಿ?”

ಗೊತ್ತಿರಲಿಲ್ಲ. ಆ ಬೆಲ್ಲ ತಿಂದೇ ಬೆಳೆದವಳಿಗೆ, ಎರಡು ಪದವಿ ಪಡೆದವಳಿಗೆ ಗೊತ್ತಿರಲಿಲ್ಲ. ನಾಲಿಗೆ ಕಡಿಯುತ್ತದೆ ಎಂದು ನೀನು ಹೇಳಿದ್ದು ಅದನ್ನೇ. ಸುಣ್ಣವೆಂದರೆ ಕ್ಯಾಲ್ಸಿಯಂ. ನಾನು ತೊಳೆದು ತೊಳೆದು ಕಿಣ್ವದಿಂದ ಹೊರಗೆ ಚೆಲ್ಲಿದ್ದು ಅದನ್ನೇ. ಅದು ಕೊಳೆಯಾಗಿರಲಿಲ್ಲ, ಕಿಣ್ವದ ಬೆನ್ನೆಲುಬಾಗಿತ್ತು. ನಿಮ್ಮ ಶುದ್ಧ ಗ್ಲೂಕೋಸಿನಲ್ಲಿ ಅದು ಬೆನ್ನು ಮುರಿದುಕೊಂಡು ಬಿದ್ದಿತ್ತು, ಲಕ್ಷ್ಮಪ್ಪನ ಸುಣ್ಣ ಸಿಕ್ಕಾಗ ಎದ್ದು ಕೂತಿತು. ಅದೂ ಮೊದಲಿನಂತೆ ಅಲ್ಲ. ಇಂಗಾಲಕ್ಕೆ ಬಿಗಿದ ಮೇಲೆ ಎದ್ದದ್ದರಿಂದ ಮೊದಲಿಗಿಂತ ಗಟ್ಟಿಯಾಗಿ ಕೂತಿತು. ನಾನು ಬೇಕೆಂದು ಮಾಡಿದ್ದಲ್ಲ, ಆದರೆ ಮಾಡಿದ್ದು ನಾನೇ. ಒಲೆಯ ಹೊಗೆಗೆ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಅಕ್ಕ, ಈಕೆಗೆ ಪೇಟೆಯ ಕಣ್ಣು ಎಂದು ನಕ್ಕಳು.

ಜನವರಿ ಇಪ್ಪತ್ತೈದಕ್ಕೆ ಹೊಸದಾಗಿ ಶುರುಮಾಡಿದೆ. ಈ ಸಲ ಬೆಲ್ಲವಿಲ್ಲ. ಡಬ್ಬಿಯ ಗ್ಲೂಕೋಸ್, ಅದಕ್ಕೆ ಹುಳಿಯಲ್ಲಿ ಸಮ ಮಾಡಿದ ಸುಣ್ಣದ ತಿಳಿ ಕೆಲವೇ ಹನಿ. ಇವತ್ತಿಗೆ ಹದಿನೈದು ದಿನ. ಈ ಸಾಲು ಬರೆಯುವಾಗ ಗಡಿಯಾರದಲ್ಲಿ ಹತ್ತು ಗಂಟೆ ನಲವತ್ತೆರಡು ನಿಮಿಷ. ನಿನ್ನ ಪುಣೆಯ ಗೆಳೆಯರಲ್ಲಿ ಯಾರ ಕಿಣ್ವ ಹದಿನೈದು ದಿನ ಬಾಳಿದೆ, ಹೇಳು.

ಈಗ ನೀನು ಮಾಡಬೇಕಾದದ್ದು. ಎಂಟು ದಿನದೊಳಗೆ ನಿನ್ನನ್ನು ಇಲ್ಲಿಗೆ ಕಳಿಸಿದ ಮೇಲಿನವರಿಗೂ ಚನ್ನಬಸಯ್ಯನವರಿಗೂ ಪತ್ರ ಬರೆ. ಪರೀಕ್ಷೆಗೆ ಬಂದವಳು ಸರಿಯಾಗಿ ವಿಚಾರಿಸದೆ ತೀರ್ಪು ಕೊಟ್ಟೆ, ಸಾವಿತ್ರಿಯವರ ಅಂಕಿಗಳು ಖರೇ ಇವೆ ಎಂದು ಬರೆ. ನಾಳೆ ನಾನು ಬಾಟಲಿ, ಗಡಿಯಾರ ಎರಡನ್ನೂ ಮಂಡಳಿಯ ಮೇಜಿನ ಮೇಲೆ ಇಡುತ್ತೇನೆ. ಸುಣ್ಣದ ಹನಿಗಳನ್ನು ಮೊದಲಿನಿಂದಲೂ ಹಾಕುತ್ತಿದ್ದೆ, ಬರೆದಿಡಲು ಮರೆತೆ ಎಂದು ಸಮಜಾಯಿಷಿಯಲ್ಲಿ ಬರೆದಿದ್ದೇನೆ. ಅದು ಸುಳ್ಳಲ್ಲ. ಸುಣ್ಣ ಅದರಲ್ಲಿ ಇದ್ದೇ ಇತ್ತು, ಹಾಕಿದವನು ಲಕ್ಷ್ಮಪ್ಪ ಅನ್ನುವುದಷ್ಟೇ ವ್ಯತ್ಯಾಸ. ಬೆಲ್ಲದ ಮಾತು ನಮ್ಮಿಬ್ಬರಲ್ಲೇ ಇರಲಿ. ಇಷ್ಟನ್ನಾದರೂ ನೀನು ನನಗೆ ಕೊಡಬೇಕು. ನನ್ನನ್ನು ಎಲ್ಲರೆದುರು ಸುಳ್ಳಿ ಎಂದ ಮೇಲೆ ಇದು ಹೆಚ್ಚಿನ ಬೇಡಿಕೆಯಲ್ಲ.

ಸಿಟ್ಟು ಇಳಿದಿಲ್ಲ. ಇಳಿದಾಗ ತಿಳಿಸುತ್ತೇನೆ.

ನೀನು ಕೇಳದೇ ಹೋದ
ಸಾವಂತ್ರಿ

ತಾ. ಕ. ಲಕೋಟೆ ಅಂಟಿಸಬೇಕೆಂದು ಅಂಟು ಹುಡುಕುವಾಗ ಶಿವಬಸವ್ವ ಬಂದಳು. ಒಳಗೆ ಬಾ ಎಂದರೂ ಬರದೆ ಬಾಗಿಲಲ್ಲೇ ನಿಂತು ಪತ್ರ ಯಾರಿಗೆ ಎಂದಳು. ಪುಣೆಯ ಗೆಳತಿಗೆ ಎಂದೆ. ಬೆಲ್ಲ ಕೇಳಿದ ಅಕ್ಕನವರಿಗೋ ಎಂದಳು. ಅವಳು ಬೆಲ್ಲ ಎಲ್ಲಿ ಕೇಳಿದ್ದಳು, ಚೇಷ್ಟೆ ಮಾಡಿದ್ದಳಲ್ಲ ಎಂದು ನಾನು ಅಂದೆ. ಅದಕ್ಕೆ ಆಕೆ ಹೇಳಿದ್ದನ್ನು ಇದ್ದಂತೆ ಬರೆದು, ಲಕೋಟೆ ಅಂಟಿಸದೆ ಕೂತಿದ್ದೇನೆ.

“ಚೇಷ್ಟಿ ಅಲ್ಲರೀ. ನೀವು ಕಾಲೇಜಿಗೆ ಹೋದಾಗ ಅವರು ಬಾಟಲಿ ಮೂಸಿ ನೋಡಿ, ಇದರಾಗ ಏನ ಹಾಕತೀರಿ ಅಂದ್ರು. ಬೆಲ್ಲದ ನೀರ ರೀ ಅಂದೆ. ಬಾಟಲಿ ಇದ್ದಲ್ಲೇ ಇಟ್ರು. ಆಮ್ಯಾಲೆ, ನಾ ಕೇಳೇನಿ ಅಂತ ಆಕಿಗಿ ಹೇಳಬ್ಯಾಡ್ರಿ, ಆಕಿನ ಹೇಳತಾಳ, ನಾ ಗಾಡಿ ಹತ್ತೂ ಮಟಾ ದಾರಿ ನೋಡತೇನಿ ಅಂದ್ರು. ಹೇಳಿದ್ರೋ ಇಲ್ಲೋ ಅಕ್ಕಾರ ನೀವು?”